ಮಡಿಕೇರಿಯಲ್ಲಿ ಮೂರು ದಿನದ ವಿಚಾರ ಸಂಕಿರಣ: ಊಟ ಎಲ್ಲಿ, ಯಾವ ಹೊತ್ತಿಗೆ, ಏನು?

(ವೇದಿಕೆಯ ಪ್ರಶ್ನೋತ್ತರ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಮಲಪ್ರಭಾ

ಎಲ್ಲರಿಗೂ ನಮಸ್ಕಾರ. ನವೆಂಬರ್ ಮೂರನೇ ವಾರ ಮಡಿಕೇರಿಯಲ್ಲಿ ಗುರುವಾರದಿಂದ ಶನಿವಾರದವರೆಗೆ ವಿಚಾರ ಸಂಕಿರಣ ಇದೆ. ಧಾರವಾಡದಿಂದ ಹನ್ನೆರಡು ಜನ ಬರುತ್ತಿದ್ದೇವೆ. ಬೆಳಗಿನ ತಿಂಡಿ ತಂಗುವ ಜಾಗದಲ್ಲೇ ಕೊಡುತ್ತಾರೆ. ಮಧ್ಯಾಹ್ನ 1ರಿಂದ 2.15ರವರೆಗೆ ಬಿಡುವು, ರಾತ್ರಿ 7ರ ಮೇಲೆ ಪೂರ್ತಿ ನಮ್ಮದೇ ಸಮಯ. ಸಭಾಂಗಣ ಗಾಂಧಿ ಮೈದಾನದ ಹತ್ತಿರ. ಸ್ವಂತ ಗಾಡಿ ಇಲ್ಲ.

ನಾಲ್ವರು ಸಸ್ಯಾಹಾರಿಗಳು, ಇಬ್ಬರು ಮುಸ್ಲಿಂ ಸಹೋದ್ಯೋಗಿಗಳು, ಹಿರಿಯರೊಬ್ಬರಿಗೆ ಸಕ್ಕರೆ ಕಾಯಿಲೆ. ಉಳಿದವರಿಗೆ ಕೊಡಗಿನ ಊಟವನ್ನು ಸರಿಯಾಗಿ ಉಣ್ಣಬೇಕು ಎಂಬ ಆಸೆ. ಎಲ್ಲಿ ಹೋಗಬೇಕು? ನಕ್ಷೆಯಲ್ಲಿ ನೋಡಿದರೆ ಎಲ್ಲ ಕಡೆಯೂ "ಕೊಡವ ಥಾಲಿ" ಎಂದೇ ಇದೆ.

ಮೂರ್ನಾಡು ಕಾಫಿ

ಸರ್, ಹೋಟೆಲಿನ ಹೆಸರಿಗಿಂತ ಮೊದಲು ಹೊತ್ತನ್ನು ಗೊತ್ತು ಮಾಡಿಕೊಳ್ಳಿ. ಮಡಿಕೇರಿಯಲ್ಲಿ ಬರುವ ಅತಿಥಿಗಳ ಊಟ ಕೆಡುವುದು ಬಹುಪಾಲು ಅಲ್ಲೇ. ಕಡುಂಬುಟ್ಟು (ಅಕ್ಕಿ ತರಿಯ ಉಂಡೆ), ನೂಪುಟ್ಟು (ಅಕ್ಕಿ ಶಾವಿಗೆ), ಪಾಪುಟ್ಟು (ಹಾಲು, ಅಕ್ಕಿ ತರಿಯ ತಟ್ಟೆ ಕಡುಬು) ಮೂರೂ ಹಬೆಯಲ್ಲಿ ಬೇಯುವ ಪದಾರ್ಥ, ಇಳಿಸಿದ ಒಂದು ಗಂಟೆಯೊಳಗೆ ತಿನ್ನಬೇಕು. ಮಧ್ಯಾಹ್ನದ ಮೊದಲ ಹಬೆ ಹನ್ನೆರಡರ ಸುಮಾರಿಗೆ ಇಳಿಯುತ್ತದೆ. ಎರಡು ಗಂಟೆಗೆ ಹೋದವರಿಗೆ ಸಿಗುವುದು ಆರಿ, ಮತ್ತೆ ಬಿಸಿ ಮಾಡಿ, ಮೇಲೆ ಬಿರುಕು ಬಿಟ್ಟ ಉಂಡೆ. ರಾತ್ರಿಯೂ ಹೀಗೇ. ಪೇಟೆ ಬೇಗ ಮಲಗುತ್ತದೆ. ಒಂಬತ್ತು ದಾಟಿದ ಮೇಲೆ ಅಡುಗೆಮನೆಯಲ್ಲಿ ಉಳಿದಿರುವುದು ಅನ್ನ, ಚಪಾತಿ, ಫ್ರೈಡ್ ರೈಸ್ ಅಷ್ಟೇ. ನೀವು 7.30ಕ್ಕೆ ಕುಳಿತುಕೊಳ್ಳಿ.

ಹಾಗಾಗಿ ಮಧ್ಯಾಹ್ನದ 75 ನಿಮಿಷದಲ್ಲಿ ಕೊಡವ ಊಟಕ್ಕೆ ಹೋಗಲೇಬೇಡಿ. ಹನ್ನೆರಡು ಜನಕ್ಕೆ ಮೇಜು ಸಿಕ್ಕು, ಬಡಿಸಿ, ಬಿಲ್ ಆಗುವಾಗ ಎರಡನೇ ಗೋಷ್ಠಿ ಶುರುವಾಗಿರುತ್ತದೆ. ಮಧ್ಯಾಹ್ನ ಹತ್ತಿರದಲ್ಲೇ ಊಟ ಮುಗಿಸಿ. ಗಾಂಧಿ ಮೈದಾನದಿಂದ ರಾಜಾಸೀಟ್ ನಡೆದು ಹೋಗುವಷ್ಟೇ ದೂರ, ಅದರ ಪಕ್ಕದಲ್ಲೇ ಪ್ರವಾಸೋದ್ಯಮ ನಿಗಮದ ಮಯೂರ ವ್ಯಾಲಿ ವ್ಯೂ ಇದೆ. ಅಲ್ಲಿ ರೆಸ್ಟೋರೆಂಟ್ ಉಂಟು, ಕಿಟಕಿಯಾಚೆ ಕಣಿವೆ ಕಾಣುತ್ತದೆ. ಕೊಡವ ಊಟವನ್ನು ಗುರುವಾರ ಮತ್ತು ಶುಕ್ರವಾರ ರಾತ್ರಿಗೆ ಇಟ್ಟುಕೊಳ್ಳಿ. ಶನಿವಾರ ರಾತ್ರಿ ಪ್ರವಾಸಿಗರ ನೂಕುನುಗ್ಗಲು. ಅಂದು ಸರಳವಾಗಿ ಮುಗಿಸುವುದು ಒಳ್ಳೆಯದು.

ಪೇಟೆಯೊಳಗೆ ಹಳಬರು ಹೇಳುವ ಎರಡು ಹೆಸರು: ಮುಖ್ಯ ರಸ್ತೆಯಲ್ಲಿ ಮಹಡಿ ಮೇಲಿರುವ ಕೂರ್ಗ್ ಕ್ವಿಸಿನೆಟ್ ಕೊಡವ ಪದಾರ್ಥಗಳಿಗೆ, ಜನರಲ್ ತಿಮ್ಮಯ್ಯ ರಸ್ತೆಯ ಈಸ್ಟ್ ಎಂಡ್ ಹೋಟೆಲ್ ದೋಸೆ ಮತ್ತು ಕೈಮಾ ಪದಾರ್ಥಗಳಿಗೆ. ಎರಡೂ ದೊಡ್ಡ ಜಾಗಗಳಲ್ಲ. ಹನ್ನೆರಡು ಜನ ಒಟ್ಟಿಗೆ ನುಗ್ಗುವ ಬದಲು ಫೋನ್ ಮಾಡಿ, ಆರು ಆರು ಜನರ ಎರಡು ಮೇಜು ಕೇಳಿ.

ಒಲೆ ಮುಂದೆ

ಮೂರ್ನಾಡಿನವರು ಹೇಳಿದ್ದು ಸರಿ. ಫೋನಿನಲ್ಲಿ ಏನು ಕೇಳಬೇಕು ಎನ್ನುವುದನ್ನು ನಾನು ಸೇರಿಸುತ್ತೇನೆ. "ಕೊಡವ ಊಟ ಇದೆಯಾ" ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ. ಬೆಳಿಗ್ಗೆ ಹತ್ತರೊಳಗೆ ಕರೆ ಮಾಡಿ, "ರಾತ್ರಿ 7.30ಕ್ಕೆ ಹನ್ನೆರಡು ಜನ, ಕಡುಂಬುಟ್ಟು 7.15ಕ್ಕೆ ಇಳಿಯುವ ಹಾಗೆ ಮಾಡಲು ಆಗುತ್ತದೆಯೇ, ಎಷ್ಟು ಬೇಕು ಈಗಲೇ ಹೇಳುತ್ತೇವೆ" ಎನ್ನಿ. ಲೆಕ್ಕ ಹೇಳಿದ ಗಿರಾಕಿಗೆ ಅಡುಗೆಯವರು ಹೊಸದಾಗಿ ಮಾಡುತ್ತಾರೆ. ಅಂದಾಜಿಗೆ ಬಿಟ್ಟರೆ ಮಧ್ಯಾಹ್ನದ್ದೇ ಬರುತ್ತದೆ.

ಲೆಕ್ಕ ಹೀಗೆ. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಉಂಡೆ ಸುಮಾರು 60 ಗ್ರಾಂ ತೂಗುತ್ತದೆ. ಒಬ್ಬರಿಗೆ ನಾಲ್ಕು ಸಾಕು, ಜೊತೆಗೆ ಅನ್ನವೂ ಇದ್ದರೆ ಮೂರು. ಒಂದು ಕೆ.ಜಿ. ಅಕ್ಕಿ ತರಿಯಲ್ಲಿ 55ರಿಂದ 60 ಉಂಡೆ ಆಗುತ್ತದೆ. ಹಂದಿ ಮಾಂಸ ಒಬ್ಬರಿಗೆ ಹಸಿ ತೂಕ 200 ಗ್ರಾಂ. ಬೆಂದಾಗ ಮೂರನೇ ಒಂದು ಭಾಗ ಇಳಿಯುತ್ತದೆ. ನಿಮ್ಮಲ್ಲಿ ತಿನ್ನುವವರು ಆರು ಜನ ಅಂದರೆ 1.2 ಕೆ.ಜಿ., ಸುತ್ತು ಲೆಕ್ಕಕ್ಕೆ ಒಂದೂವರೆ ಹೇಳಿ.

ಇನ್ನೊಂದು ಮಾತು. ಸಂಕಿರಣದ ಸಂಘಟಕರು ಬಫೆಯಲ್ಲಿ ಕೊಡವ ಊಟ ಇಡುವ ಯೋಚನೆಯಲ್ಲಿದ್ದರೆ ಅವರಿಗೆ ದಯವಿಟ್ಟು ತಿಳಿಸಿ: ಬಫೆಗೆ ಪಾಪುಟ್ಟು ಸರಿ, ನೂಪುಟ್ಟು ಬೇಡ. ನೂಪುಟ್ಟು ಮುಚ್ಚಿದ ಬಿಸಿ ಪಾತ್ರೆಯಲ್ಲಿ ಹದಿನೈದು ನಿಮಿಷ ಇದ್ದರೆ ಎಳೆ ಎಳೆ ಅಂಟಿ ಮುದ್ದೆಯಾಗುತ್ತದೆ. ಕಡುಂಬುಟ್ಟು ಇಡಬಹುದು, ಆದರೆ ಕೆಳಗೂ ಮೇಲೂ ಒದ್ದೆ ಬಟ್ಟೆ ಹಾಸಿದ ಹಾಟ್ ಬಾಕ್ಸಿನಲ್ಲಿ ಇಡಬೇಕು, ತೆರೆದ ತಟ್ಟೆಯಲ್ಲಿ ಇಡಬಾರದು. ಪಾಪುಟ್ಟು ತಟ್ಟೆಯಲ್ಲಿ ಬೆಂದು ತುಂಡು ಮಾಡುವ ಪದಾರ್ಥ, ಹಾಲು ತೆಂಗಿನಕಾಯಿ ಇರುವುದರಿಂದ ಬೇಗ ಒಣಗುವುದಿಲ್ಲ.

ಕೋಟೆ ಬಾಗಿಲು

ಸಸ್ಯಾಹಾರಿಗಳ ವಿಷಯ ನಾನು ಹೇಳುತ್ತೇನೆ. ಉಡುಪಿ ಮಾದರಿಯ ಹೋಟೆಲುಗಳು ಬಸ್ ನಿಲ್ದಾಣದಿಂದ ಚೌಕಿಯವರೆಗೆ ಸಾಲಾಗಿವೆ. ಮಧ್ಯಾಹ್ನದ ಊಟ ಹನ್ನೆರಡೂವರೆಯಿಂದ ಸಿಗುತ್ತದೆ, ಬೇಗ ಬಡಿಸುತ್ತಾರೆ, ನಿಮ್ಮ ಬಿಡುವಿಗೆ ಹೇಳಿ ಮಾಡಿಸಿದ್ದು. ಸಂಜೆ ನಾಲ್ಕರ ಮೇಲೆ ದೋಸೆ, ಬನ್ಸ್, ಗೋಳಿಬಜೆ.

ಅದಕ್ಕಿಂತ ನನಗೆ ಮುಖ್ಯವಾದದ್ದು ಬೇರೆ. ಕೊಡಗಿಗೆ ಬಂದ ಸಸ್ಯಾಹಾರಿಗಳು ಇಲ್ಲಿ ನಮಗೇನೂ ಇಲ್ಲ ಎಂದುಕೊಂಡು ಮೂರು ದಿನವೂ ಮಸಾಲೆ ದೋಸೆ ತಿಂದು ವಾಪಸು ಹೋಗುತ್ತಾರೆ. ಅದು ನ್ಯಾಯವಲ್ಲ. ಅಕ್ಕಿ ಒಟ್ಟಿಯ ಜೊತೆ ಎಳ್ಳಿನ ಪಜ್ಜಿ (ಚಟ್ನಿ), ಅಥವಾ ಬೆಣ್ಣೆ ಮತ್ತು ಜೇನು. ಪಾಪುಟ್ಟಿಗೆ ತರಕಾರಿ ಕರಿ. ನೂಪುಟ್ಟಿಗೆ ತೆಂಗಿನ ಹಾಲು, ಬೆಲ್ಲ. ಕುಂಬಳಕಾಯಿ ಕರಿ, ಕೆಸುವಿನ ಕರಿ, ಹಲಸಿನ ಬೀಜದ ಪಲ್ಯ, ಕಾಡುಮಾವಿನ ಕರಿ. ಇವೆಲ್ಲ ಮನೆಗಳಲ್ಲಿ ದಿನನಿತ್ಯದ ಅಡುಗೆ.

ಆದರೆ ತಿಂಗಳು ನೋಡಬೇಕು. ಬಿದಿರು ಕಣಿಲೆಯ ಬೈಂಬಳೆ ಕರಿ ಮತ್ತು ಕಾಡಿನ ಅಣಬೆಯ ಕುಮ್ಮ್ ಕರಿ ಮಳೆಗಾಲದವು. ಜುಲೈ, ಆಗಸ್ಟಿನಲ್ಲಿ ಕಣಿಲೆ ಮೊಳೆಯುತ್ತದೆ. ಅದನ್ನು ತೆಳ್ಳಗೆ ಹೆಚ್ಚಿ ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿದರೆ ಮಾತ್ರ ಕಹಿಯೂ ನಂಜೂ ಹೋಗುತ್ತದೆ. ನವೆಂಬರಿನಲ್ಲಿ ನಿಮ್ಮ ಮುಂದೆ ಬರುವ ಬೈಂಬಳೆ ಉಪ್ಪು ನೀರಿನಲ್ಲಿ ಇಟ್ಟಿದ್ದು. ಸ್ವಲ್ಪ ಹುಳಿ ವಾಸನೆ ಇರುವುದು ಸಹಜ, ಹಾಳಾಗಿದೆ ಎಂದುಕೊಳ್ಳಬೇಡಿ. ಅಗಿದಾಗ ಕಹಿ ಬಂದರೆ ಮಾತ್ರ ಬಿಟ್ಟುಬಿಡಿ, ನೆನೆಸಿದ್ದು ಸಾಲಲಿಲ್ಲ ಎಂದರ್ಥ. ಆ ಹೊತ್ತಿನಲ್ಲಿ ಕುಮ್ಮ್ ಕರಿ ಎಂದು ಬರೆದಿದ್ದರೆ ಅದು ಸಾಕಿದ ಬಟನ್ ಅಣಬೆ. ರುಚಿ ಇರುತ್ತದೆ, ಕಾಡಿನ ಅಣಬೆಯ ಪರಿಮಳ ಇರುವುದಿಲ್ಲ.

ಕೊನೆಯದಾಗಿ, ಕೊಡವ ಊಟದ ಹೋಟೆಲಿನಲ್ಲಿ ಒಲೆ, ಸೌಟು, ಹಬೆ ಪಾತ್ರೆ ಒಂದೇ ಆಗಿರುವುದು ಸಾಮಾನ್ಯ. ನಿಮ್ಮ ನಾಲ್ವರಲ್ಲಿ ಕಟ್ಟುನಿಟ್ಟಿನವರು ಇದ್ದರೆ ಮೊದಲೇ ಕೇಳಿ. ಬೇಸರ ಮಾಡಿಕೊಳ್ಳದೆ ನಿಜ ಹೇಳುತ್ತಾರೆ.

ಮಲಪ್ರಭಾ

ತುಂಬಾ ಉಪಕಾರವಾಯಿತು. ನಮ್ಮಲ್ಲಿ ಇಬ್ಬರಿಗೆ ರೊಟ್ಟಿ ಇಲ್ಲದೆ ಊಟ ಆಗುವುದಿಲ್ಲ. ಅಕ್ಕಿ ಒಟ್ಟಿ ಅಂದರೆ ನಮ್ಮ ಕಡೆಯ ಅಕ್ಕಿ ರೊಟ್ಟಿಯೇ? ಮತ್ತೆ ಈ ಥಾಲಿ ಬೋರ್ಡುಗಳ ಬಗ್ಗೆ ಯಾರೂ ಹೇಳಲಿಲ್ಲ. ಕುಶಾಲನಗರದಿಂದ ಬರುವಾಗ ದಾರಿಯುದ್ದಕ್ಕೂ ಇವೆಯಂತೆ.

ಒಲೆ ಮುಂದೆ

ಬೇರೆಯೇ. ನಿಮ್ಮ ಕಡೆ ಈರುಳ್ಳಿ, ಹಸಿಮೆಣಸು ಹಾಕಿ ಹೆಂಚಿನ ಮೇಲೆ ದಪ್ಪಗೆ ತಟ್ಟುತ್ತಾರೆ. ಒಟ್ಟಿ ಮಾಡಲು ಮೆತ್ತಗೆ ಬೆಂದ ಅನ್ನವನ್ನು ಅಕ್ಕಿ ಹಿಟ್ಟಿನ ಜೊತೆ ನಾದುತ್ತಾರೆ, ಹೆಚ್ಚುಕಡಿಮೆ ಸಮಸಮ. ಉಪ್ಪು ಬಿಟ್ಟರೆ ಬೇರೇನೂ ಇಲ್ಲ. ತೆಳ್ಳಗೆ ಲಟ್ಟಿಸಿ ಕಾವಲಿಯಲ್ಲಿ ಬೇಯಿಸಿ, ಕೊನೆಗೆ ಕೆಂಡದ ಮೇಲೋ ಗ್ಯಾಸಿನ ಉರಿಯ ಮೇಲೋ ಉಬ್ಬಿಸುತ್ತಾರೆ. ಅನ್ನ ಸೇರಿರುವುದರಿಂದ ಜೋಳದ ರೊಟ್ಟಿಗಿಂತ ಮೆತ್ತಗೆ, ಆರಿದ ಮೇಲೂ ಮಡಚಲು ಬರುತ್ತದೆ. ಆರಿದ ತಕ್ಷಣ ಚರ್ಮದ ಹಾಗೆ ಗಡುಸಾದರೆ ಅನ್ನ ಕಡಿಮೆ ಹಾಕಿ ಬರೀ ಹಿಟ್ಟಿನಲ್ಲಿ ಮಾಡಿದ್ದಾರೆ ಎಂದು ತಿಳಿಯಿರಿ. ರೊಟ್ಟಿಯವರಿಗೆ ಇದು ಖಂಡಿತ ಹಿಡಿಸುತ್ತದೆ. ಬೆಳಗಿನ ತಿಂಡಿಗೂ ಸಿಗುತ್ತದೆ.

ಮೂರ್ನಾಡು ಕಾಫಿ

ಥಾಲಿಯ ವಿಷಯಕ್ಕೆ ಬರುತ್ತೇನೆ. ನನ್ನ ಅಭಿಪ್ರಾಯ ಖಡಾಖಂಡಿತ: ತೆಗೆದುಕೊಳ್ಳಬೇಡಿ. ಕೊಡವರ ಊಟ ಜೋಡಿ ಊಟ. ಕಡುಂಬುಟ್ಟಿಗೆ ಪಂದಿ (ಹಂದಿ) ಕರಿ, ನೂಪುಟ್ಟಿಗೆ ಕೋಳಿ ಕರಿ, ಪಾಪುಟ್ಟಿಗೆ ಕುರಿಯ ಎರಚಿ ಕರಿ. ಈ ಜೋಡಿ ಬಂದಿರುವುದಕ್ಕೆ ಕಾರಣ ಇದೆ. ಪಂದಿ ಕರಿ ಗಟ್ಟಿ, ಕೊಬ್ಬು ಹೆಚ್ಚು, ಹುಳಿ ಹೆಚ್ಚು. ಅದನ್ನು ಹೊರಲು ಸಪ್ಪೆ ಉಂಡೆ ಬೇಕು. ಕೋಳಿ ಕರಿಯಲ್ಲಿ ತೆಂಗಿನಕಾಯಿ ರಸ ತೆಳ್ಳಗಿರುತ್ತದೆ, ನೂಪುಟ್ಟಿನ ಎಳೆಗಳ ನಡುವೆ ಇಳಿಯುತ್ತದೆ. ಥಾಲಿಯಲ್ಲಿ ಆರೇಳು ಬಟ್ಟಲು ಇಟ್ಟು ಎಲ್ಲವನ್ನೂ ಎರಡು ಚಮಚ ಹಾಕಿದರೆ ಒಂದೂ ಬಿಸಿ ಇರುವುದಿಲ್ಲ, ಒಂದರ ರಸ ಇನ್ನೊಂದಕ್ಕೆ ಹರಿಯುತ್ತದೆ. ಎರಡು ಜೋಡಿ ತರಿಸಿ ಮೇಜಿನ ನಡುವೆ ಇಟ್ಟು ಹಂಚಿಕೊಳ್ಳಿ.

ಈಗ ಪಂದಿ ಕರಿ ಸರಿಯಾಗಿದೆಯೇ ಎಂದು ನೋಡುವ ಬಗೆ. ಬಣ್ಣ ಮೊದಲು. ಕಪ್ಪಿಗೆ ಹತ್ತಿರದ ಕಂದು ಇರಬೇಕು. ಕೆಂಪಗಿದ್ದರೆ ಮೆಣಸಿನ ಪುಡಿ ಮತ್ತು ಟೊಮೆಟೊ, ಅದು ಬೇರೆ ಸಾರು. ತೆಂಗಿನ ಹಾಲು ಇರಲೇಬಾರದು. ತುಂಡಿನಲ್ಲಿ ಚರ್ಮ, ಕೊಬ್ಬು, ಮಾಂಸ ಮೂರು ಪದರವೂ ಇರಬೇಕು, ಚರ್ಮವನ್ನು ಬೆರಳಲ್ಲಿ ಒತ್ತಿದರೆ ಕತ್ತರಿಸಬೇಕು. ಬರೀ ಕೆಂಪು ಮಾಂಸ ಹಾಕಿದರೆ ನಾರು ನಾರಾಗುತ್ತದೆ, ಏಕೆಂದರೆ ಈ ಕರಿ ಬೇಯುವುದೇ ತನ್ನ ಕೊಬ್ಬಿನಲ್ಲಿ.

ಮಸಾಲೆ ಒಂದು ಕೆ.ಜಿ.ಗೆ ಸುಮಾರು ಇಷ್ಟು: ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ದೊಡ್ಡ ಚಮಚ ಕರಿಮೆಣಸು, ಒಂದು ಸಣ್ಣ ಚಮಚ ಜೀರಿಗೆ, ಅರ್ಧ ಸಣ್ಣ ಚಮಚ ಸಾಸಿವೆ, ಕಾಲು ಸಣ್ಣ ಚಮಚ ಮೆಂತ್ಯ. ಎಣ್ಣೆ ಇಲ್ಲದೆ, ಸಣ್ಣ ಉರಿಯಲ್ಲಿ, ಹೊಗೆ ಏಳುವ ಅಂಚಿನವರೆಗೆ ಹುರಿಯಬೇಕು. ಕರಿಯ ಕಪ್ಪು ಬರುವುದು ಇದರಿಂದ ಮತ್ತು ಹಣ್ಣಿನ ರಸ ಇಂಗಿಸಿದ ಕಾಚಂಪುಳಿ ಎಂಬ ಹುಳಿಯಿಂದ. ಕಡಿಮೆ ಹುರಿದರೆ ಹಸಿ ಕೊತ್ತಂಬರಿ ವಾಸನೆ, ಮೆಂತ್ಯ ಸೀದರೆ ಇಡೀ ಪಾತ್ರೆ ಕಹಿ.

ಕಾಚಂಪುಳಿ ಕೊನೆಗೆ ಬೀಳಬೇಕು, ಮಾಂಸ ಬೆಂದ ಮೇಲೆ. ಕೆ.ಜಿ.ಗೆ ಒಂದರಿಂದ ಒಂದೂವರೆ ದೊಡ್ಡ ಚಮಚ, ಹಾಕಿ ಐದು ಹತ್ತು ನಿಮಿಷ ಕುದಿ. ಮೊದಲೇ ಹಾಕಿದರೆ ಮಾಂಸ ಬಿಗಿಯುತ್ತದೆ. ಅದರ ಹುಳಿ ಬಾಯಿಗೆ ಇಟ್ಟ ಕೂಡಲೇ ಗೊತ್ತಾಗುವುದಿಲ್ಲ, ನುಂಗಿದ ಮೇಲೆ ಹಿಂದಿನಿಂದ ಬರುತ್ತದೆ, ಜೊತೆಗೆ ಹಣ್ಣಿನ ಸಣ್ಣ ಒಗರು. ನಾಲಿಗೆಯ ತುದಿಗೇ ಚುರುಕ್ ಎಂದರೆ ವಿನೆಗರ್ ಅಥವಾ ನಿಂಬೆ ಹಾಕಿದ್ದಾರೆ.

ಕಡುಂಬುಟ್ಟನ್ನು ಬೆರಳಲ್ಲಿ ಮುರಿದು ನೋಡಿ. ಮೇಲ್ಮೈ ಹೊಳೆಯಬೇಕು, ಒಳಗೆ ತರಿ ತರಿಯಾಗಿ ಕಾಣಬೇಕು. ಬೆರಳಿಗೆ ಅಂಟಿದರೆ ನೀರು ಹೆಚ್ಚು ಅಥವಾ ಹಬೆ ಸಾಲದು. ಪುಡಿ ಪುಡಿ ಉದುರಿದರೆ ಹಿಟ್ಟು ತಣಿದ ಮೇಲೆ ಉಂಡೆ ಕಟ್ಟಿದ್ದಾರೆ.

ಒಲೆ ಮುಂದೆ

ಇದಕ್ಕೆ ಒಂದು ಸಾಲು: ಒಂದು ಲೋಟ ತರಿಗೆ ಎರಡು ಲೋಟ ನೀರು, ಉಪ್ಪು, ಒಂದು ಚಮಚ ತುಪ್ಪ. ನೀರು ಕುದಿಯುವಾಗ ತರಿ ಸುರಿದು ಬಿಡದೆ ತಿರುವಿ, ಮುಚ್ಚಿ ಐದು ನಿಮಿಷ. ಕೈಗೆ ತಣ್ಣೀರು ಮುಟ್ಟಿಸಿಕೊಂಡು ಬಿಸಿ ಇರುವಾಗಲೇ ನಾದಿ ಕಟ್ಟಿ, 20ರಿಂದ 25 ನಿಮಿಷ ಹಬೆ. ಉಂಡೆಗಳ ನಡುವೆ ಬೆರಳಷ್ಟು ಜಾಗ ಬಿಡದಿದ್ದರೆ ತಗುಲಿದ ಕಡೆ ಹಸಿ ಉಳಿಯುತ್ತದೆ. ಪಾಪುಟ್ಟಿನಲ್ಲಿ ತಪ್ಪುವುದು ಬೇರೆ ಕಡೆ. ತರಿ ಹಾಲಿನ ತಳಕ್ಕೆ ಇಳಿಯುತ್ತದೆ, ಪ್ರತಿ ತಟ್ಟೆಗೂ ಸುರಿಯುವ ಮೊದಲು ಪಾತ್ರೆ ಕಲಕಬೇಕು. ನಿಮ್ಮ ತುಂಡಿನಲ್ಲಿ ಕೆಳಗೆ ಗಟ್ಟಿ ಪದರ, ಮೇಲೆ ನೀರು ನೀರು ಕಂಡರೆ ಅಲ್ಲಿ ಕಲಕಿಲ್ಲ.

ಆದರೆ ಮೂರ್ನಾಡಿನವರ ಥಾಲಿ ತೀರ್ಪನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಒಬ್ಬರೇ ಬಂದವರು ಎರಡು ಜೋಡಿ ತರಿಸಿದರೆ ಅರ್ಧ ಎಲೆಯಲ್ಲೇ ಉಳಿಯುತ್ತದೆ. ಬಿಸಿ ಬಿಸಿ ಬಡಿಸುವ ಕಡೆ ಒಬ್ಬರಿಗೆ ಥಾಲಿ ತಪ್ಪಲ್ಲ. ಹನ್ನೆರಡು ಜನಕ್ಕೆ ಮಾತ್ರ ಅವರು ಹೇಳಿದ್ದೇ ಸರಿ.

ವಿರಾಜಪೇಟೆ ಗಡಿಯಾರ ಗೋಪುರ

ಮಲಪ್ರಭಾ ಅವರೇ, ಮುಸ್ಲಿಂ ಸಹೋದ್ಯೋಗಿಗಳ ಊಟವನ್ನು ಬೇರೆಯಾಗಿಯೇ ಯೋಚಿಸಿ. ಕೊಡವ ಹೋಟೆಲಿನಲ್ಲಿ ಕೋಳಿ ತಿನ್ನಿ ಎಂದು ಕೂರಿಸಿದರೆ ಸಾಲದು. ಕೋಳಿ ಹಲಾಲ್ ಇದ್ದರೂ ಪಂದಿ ಬೇಯುವ ಅಡುಗೆಮನೆ ಅದೇ. ಪೇಟೆಯಲ್ಲಿ ಮುಸ್ಲಿಮರೇ ನಡೆಸುವ ಹೋಟೆಲುಗಳು ಇವೆ, ಸಭಾಂಗಣದ ಸಿಬ್ಬಂದಿಯನ್ನು ಕೇಳಿದರೆ ಹತ್ತಿರದ್ದನ್ನು ತೋರಿಸುತ್ತಾರೆ. ಶುಕ್ರವಾರ ಜುಮ್ಮಾ ನಮಾಜಿಗೆ ಹೋಗುವವರಾದರೆ ನಿಮ್ಮ ಒಂದೂಕಾಲು ಗಂಟೆಯಲ್ಲಿ ನಮಾಜು, ಊಟ ಎರಡೂ ಇಕ್ಕಟ್ಟು. ಬೆಳಿಗ್ಗೆಯೇ ಬಿರಿಯಾನಿ ಪೊಟ್ಟಣ ಹೇಳಿಟ್ಟು ಮಸೀದಿಯಿಂದ ಬರುವ ದಾರಿಯಲ್ಲಿ ತೆಗೆದುಕೊಳ್ಳುವುದು ಸುಲಭ.

ಸಮಯ ಇದ್ದರೆ ವಿರಾಜಪೇಟೆಗೆ ಬನ್ನಿ, ಮಡಿಕೇರಿಯಿಂದ ಸುಮಾರು 30 ಕಿ.ಮೀ., ಬಸ್ಸು ಧಾರಾಳ. ಇಲ್ಲಿಂದ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ಜಿಲ್ಲೆ, ಹಾಗಾಗಿ ಅಡುಗೆಯಲ್ಲಿ ಮಲಬಾರಿನ ಕೈ ಇದೆ. ಸಣ್ಣ ಅಕ್ಕಿಯ ಬಿರಿಯಾನಿ, ಪತ್ತಿರಿ, ಪೊರೋಟ. ಬಿರಿಯಾನಿ ಮಧ್ಯಾಹ್ನದ್ದು, ಎರಡೂವರೆಯೊಳಗೆ ತಿನ್ನಬೇಕು. ತಳದ ಮಸಾಲೆ ಸಮೇತ ಕೇಳಿ. ಮೇಲಿನ ಅನ್ನ ಮಾತ್ರ ಬಂದರೆ ಬಿಳಿ ಬಿಳಿ, ರುಚಿಯೇ ಇರುವುದಿಲ್ಲ.

ಸಂಪಾಜೆ ಘಾಟಿ

ಮೀನಿನ ಬಗ್ಗೆ ಯಾರೂ ಹೇಳಲಿಲ್ಲ. ಮಡಿಕೇರಿಗೆ ಮೀನು ಬರುವುದು ಮಂಗಳೂರಿನಿಂದ, ಸಂಪಾಜೆ ಮಾರ್ಗವಾಗಿ. ನವೆಂಬರಿನಲ್ಲಿ ಧೈರ್ಯವಾಗಿ ತಿನ್ನಬಹುದು, ಬಂಗುಡೆ, ಬೂತಾಯಿ ತಾಜಾ ಉಂಟು. ಜೂನ್, ಜುಲೈನಲ್ಲಿ ಬರುವವರು ಮಾತ್ರ ಯೋಚಿಸಿ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಆಗ ಹೋಟೆಲಿನಲ್ಲಿರುವುದು ಹೆಚ್ಚಾಗಿ ಮಂಜುಗಡ್ಡೆಯ ಮೀನು.

ಮಳೆಗಾಲದ ಬಗ್ಗೆ ಇನ್ನೊಂದು. ಆಟಿ ತಿಂಗಳಲ್ಲಿ ಸಂಕಿರಣ ಇರುವವರು ಈ ಪುಟ ಓದಿದರೆ ಅವರಿಗೆ: ಆಗಸ್ಟ್ 3ರ ಆಸುಪಾಸು, ಕೊಡವರ ಕಕ್ಕಡ ತಿಂಗಳ 18ರಂದು, ಕೊಡಗಿನ ಮನೆಗಳಲ್ಲಿ ಮದ್ದು ಸೊಪ್ಪಿನ ಪಾಯಸ, ಪುಟ್ಟು ಮಾಡುತ್ತಾರೆ. ಸೊಪ್ಪು ಬೇಯಿಸಿದ ನೀರು ಕಡು ನೇರಳೆ. ತಿಂದ ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ. ಅದು ಸೊಪ್ಪಿನ ಬಣ್ಣ, ಹೆದರಿ ಆಸ್ಪತ್ರೆಗೆ ಓಡಬೇಕಿಲ್ಲ. ಹಾಗೇ ಮರಕೆಸದ ಪತ್ರೊಡೆ. ಹುಳಿ ಸಾಲದಿದ್ದರೆ ಗಂಟಲು ತುರಿಸುತ್ತದೆ, ಮೊದಲು ಒಂದು ತುಣುಕು ತಿಂದು ಐದು ನಿಮಿಷ ಬಿಟ್ಟು ಮುಂದುವರಿಸಿ.

ಕೋಟೆ ಬಾಗಿಲು

ಹಬ್ಬದ ನೆನಪಾಯಿತು. ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವೆ ಹುಣ್ಣಿಮೆಯ ಲೆಕ್ಕದಲ್ಲಿ ಬರುತ್ತದೆ. ಮೂರನೇ ವಾರಕ್ಕೆ ಸಾಮಾನ್ಯವಾಗಿ ಬರುವುದಿಲ್ಲ, ಆದರೂ ಕ್ಯಾಲೆಂಡರ್ ನೋಡಿ. ಹುತ್ತರಿಯ ರಾತ್ರಿ ಅಡುಗೆಯವರು ತಮ್ಮ ಊರಿನಲ್ಲಿರುತ್ತಾರೆ, ಹೋಟೆಲಿನಲ್ಲಿ ಅರ್ಧ ಪದಾರ್ಥ ಇರುವುದಿಲ್ಲ. ಅದರ ಮುಂಚಿನ ದಿನಗಳಲ್ಲಿ ಬೇಕರಿ, ಮನೆ ಊಟದ ಕಡೆ ತಂಬುಟ್ಟು ಸಿಕ್ಕರೆ ಬಿಡಬೇಡಿ. ಮಾಗಿದ ಬಾಳೆಹಣ್ಣನ್ನು ಹುರಿದ ಅಕ್ಕಿ ಹಿಟ್ಟಿನೊಂದಿಗೆ ಕಿವುಚಿದ್ದು, ಮೇಲೆ ಎಳ್ಳು, ಕಾಯಿತುರಿ, ತುಪ್ಪ. ಸಸ್ಯಾಹಾರಿಗಳಿಗೆ ಇದು ಕೊಡಗಿನ ಅತ್ಯುತ್ತಮ ಸಿಹಿ ಎನ್ನುವುದು ನನ್ನ ಗಟ್ಟಿ ನಂಬಿಕೆ. ತಿರುಳು ತಣ್ಣಗಿದ್ದು ಹಣ್ಣು ಕಪ್ಪಾಗುವ ಮೊದಲೇ ತಿನ್ನಬೇಕು, ಕಟ್ಟಿಸಿಕೊಂಡು ಹೋಗುವ ಪದಾರ್ಥ ಅಲ್ಲ.

ಮಲಪ್ರಭಾ

ನಮ್ಮ ಹಿರಿಯರಿಗೆ ಸಕ್ಕರೆ ಕಾಯಿಲೆ ಅಂದೆನಲ್ಲ, ಎಲ್ಲವೂ ಅಕ್ಕಿಯದೇ ಆಯಿತು. ಏನು ಮಾಡಲಿ? ಮತ್ತೆ ಹೋಂಸ್ಟೇಗಳಲ್ಲಿ ಹೊರಗಿನವರಿಗೆ ಊಟ ಕೊಡುತ್ತಾರೆಯೇ?

ಒಲೆ ಮುಂದೆ

ಮೇಲಿನ ಲೆಕ್ಕದ ಪ್ರಕಾರ ಒಂದು ಕಡುಂಬುಟ್ಟಿನಲ್ಲಿ 17, 18 ಗ್ರಾಂ ಅಕ್ಕಿ ಇರುತ್ತದೆ. ನಾಲ್ಕು ಅಂದರೆ ಸುಮಾರು 70 ಗ್ರಾಂ ಹಸಿ ಅಕ್ಕಿಯ ಅನ್ನ ಉಂಡ ಹಾಗೆ. ಅವರು ಮನೆಯಲ್ಲಿ ಎಷ್ಟು ಅನ್ನ ಉಣ್ಣುತ್ತಾರೋ ಅದಕ್ಕೆ ಹೊಂದಿಸಿ ಉಂಡೆ ಎಣಿಸಿಕೊಳ್ಳಲಿ. ಎಣಿಸಲು ಬರುವುದರಿಂದ ಅನ್ನಕ್ಕಿಂತ ಇದು ಸುಲಭ. ಪಾಪುಟ್ಟಿಗೆ ಹಾಲಿನ ಜೊತೆ ಸ್ವಲ್ಪ ಸಕ್ಕರೆಯೂ ಬೀಳುತ್ತದೆ, ಅದನ್ನು ಬಿಡಲಿ. ಬೆಲ್ಲದ ಕಾಪಿ ಕೂಡ ಬೇಡ. ಕಪ್ಪು ಕಾಫಿಯನ್ನು ಬೆಲ್ಲ ಹಾಕದೆ ಕೊಡಿ ಎಂದರೆ ಕೊಡುವುದಿಲ್ಲ, ಬೆಲ್ಲದ ನೀರಿನಲ್ಲೇ ಡಿಕಾಕ್ಷನ್ ಇಳಿಸಿರುತ್ತಾರೆ. ಸಕ್ಕರೆ ಇಲ್ಲದ ಫಿಲ್ಟರ್ ಕಾಫಿಯನ್ನೇ ಹೇಳಿ. ಔಷಧಿಯ ವಿಷಯ ಅವರ ವೈದ್ಯರು ಹೇಳಿದಂತೆ.

ಮೂರ್ನಾಡು ಕಾಫಿ

ಹೋಂಸ್ಟೇ ಊಟ ಕೊಡಗಿನಲ್ಲಿ ಸಿಗುವ ಅತ್ಯುತ್ತಮ ಊಟ. ತಂಗಿದವರಿಗೆ ಮಾತ್ರ ಎನ್ನುವವರೇ ಹೆಚ್ಚು. ಕೆಲವರು ಒಂದು ದಿನ ಮೊದಲು ಹೇಳಿದರೆ, ಹತ್ತು ಹನ್ನೆರಡು ಜನದ ಗುಂಪಿಗೆ ಮಾಡಿಕೊಡುತ್ತಾರೆ. ಕೇಳುವಾಗ ಮೂರು ವಿಷಯ ಬಿಡಬೇಡಿ. ಪೇಟೆಯಿಂದ ದೂರ ಎಷ್ಟು, ಕೊನೆಯ ಒಂದೆರಡು ಕಿ.ಮೀ. ತೋಟದ ಮಣ್ಣು ರಸ್ತೆಯೇ, ವಾಪಸು ಬರಲು ಗಾಡಿ ಯಾರದು. ರಾತ್ರಿ ಒಂಬತ್ತರ ಮೇಲೆ ಆಟೋ ಕರೆದರೆ ಬರುವುದಿಲ್ಲ, ಬಂದರೂ ಹೋಗಿ ಬರುವ ಬಾಡಿಗೆ ಕೇಳುತ್ತಾರೆ. ಹನ್ನೆರಡು ಜನಕ್ಕೆ ಒಂದು ಟೆಂಪೋ ಟ್ರಾವೆಲರ್ ಗೊತ್ತು ಮಾಡಿ, ಊಟ ಮುಗಿಯುವವರೆಗೆ ಅಲ್ಲೇ ಕಾಯುವಂತೆ ಮೊದಲೇ ಮಾತಾಡಿ. ಸ್ವೆಟರ್ ಮರೆಯಬೇಡಿ. ಊರು ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರ, ನವೆಂಬರ್ ರಾತ್ರಿ ಅಂಗಳದಲ್ಲಿ ಊಟಕ್ಕೆ ಕೂತರೆ ಕರಿ ಹತ್ತು ನಿಮಿಷದಲ್ಲಿ ತಣ್ಣಗಾಗಿ ಕೊಬ್ಬು ಹೆಪ್ಪುಗಟ್ಟುತ್ತದೆ. ಒಳಗೆ ಬಡಿಸಲು ಹೇಳಿ.

ಕುಶಾಲನಗರ ಸೇತುವೆ

ಭಾನುವಾರ ಮೈಸೂರು ಕಡೆಯಿಂದ ವಾಪಸು ಹೋಗುವವರಾದರೆ ಮಧ್ಯಾಹ್ನದ ಊಟ ಬೈಲಕುಪ್ಪೆಯಲ್ಲಿ ಮಾಡಿ. ಮಡಿಕೇರಿಯಿಂದ ಕುಶಾಲನಗರ ಸುಮಾರು 30 ಕಿ.ಮೀ., ಕಾವೇರಿ ಸೇತುವೆ ದಾಟಿದರೆ ಕೊಪ್ಪ, ಅಲ್ಲಿಂದ ಆಟೋದಲ್ಲಿ ನಾಮ್‌ಡ್ರೋಲಿಂಗ್ ಮಠ. ಇದು ಕೊಡಗಲ್ಲ, ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು. ಮಠದ ಸುತ್ತಲಿನ ಟಿಬೆಟನ್ ಹೋಟೆಲುಗಳಲ್ಲಿ ಮೋಮೊ (ಹೂರಣ ತುಂಬಿದ ಹಬೆ ಕಡುಬು), ತುಕ್ಪಾ (ನೂಡಲ್ಸ್ ಸಾರು), ಹಬೆಯಲ್ಲಿ ಬೆಂದ ಟಿಂಗ್‌ಮೊ ಬನ್ನು. ತರಕಾರಿಯದೂ ಸಿಗುತ್ತದೆ. ಮಾಂಸದ್ದಾದರೆ ಯಾವ ಮಾಂಸ ಎಂದು ಕೇಳಿಯೇ ಹೇಳಿ. ಮೋಮೊ ಹೊಸದಾಗಿ ಬೇಯಲು ಕಾಲು ಗಂಟೆ ಬೇಕು, ಹಬೆ ಪಾತ್ರೆ ಎರಡೋ ಮೂರೋ ಇರುತ್ತದೆ. ಹನ್ನೆರಡು ಜನರದ್ದೂ ಒಂದೇ ಸಲ ಹೇಳಿ, ಮೊದಲು ತುಕ್ಪಾ ತರಿಸಿಕೊಳ್ಳಿ. ಒಬ್ಬೊಬ್ಬರಾಗಿ ಹೇಳಿದರೆ ಕೊನೆಯವರ ತಟ್ಟೆ ಬರುವಾಗ ಮೊದಲಿನವರು ಕೈ ತೊಳೆದಿರುತ್ತಾರೆ. ಫೆಬ್ರವರಿ, ಮಾರ್ಚಿನಲ್ಲಿ ಅವರ ಹೊಸ ವರ್ಷ ಲೋಸಾರ್ ಸಮಯಕ್ಕೆ ಅಂಗಡಿ ಮುಚ್ಚಿರುತ್ತವೆ, ನಿಮಗೆ ಆ ತೊಂದರೆ ಇಲ್ಲ.

ಮಲಪ್ರಭಾ

ಶುಕ್ರವಾರ ಸಂತೆ ಇದೆಯಂತೆ, ಏನಾದರೂ ಕೊಂಡುಕೊಳ್ಳಬಹುದೇ? ಪಂದಿ ಕರಿಯನ್ನು ಧಾರವಾಡಕ್ಕೆ ಒಯ್ಯಲು ಆಗುತ್ತದೆಯೇ?

ಮೂರ್ನಾಡು ಕಾಫಿ

ಶುಕ್ರವಾರವೇ ಮಡಿಕೇರಿ ಸಂತೆ. ಸಂಜೆ ಗೋಷ್ಠಿ ಮುಗಿದ ಮೇಲೆ ಹೋದರೆ ಅರ್ಧ ಎದ್ದಿರುತ್ತದೆ, ಊಟದ ಬಿಡುವಿನಲ್ಲಿ ಇಬ್ಬರು ಹೋಗಿ ಬನ್ನಿ. ಕಾಚಂಪುಳಿ ಕೊಳ್ಳುವುದಾದರೆ ಬಾಟಲಿಯನ್ನು ಓರೆ ಮಾಡಿ ನೋಡಿ. ಮಳೆಗಾಲದಲ್ಲಿ ಉದುರಿದ ಹಣ್ಣನ್ನು ಬುಟ್ಟಿಯಲ್ಲಿ ಕೊಳೆಯಲು ಬಿಟ್ಟು, ಕೆಳಗೆ ಸೋರಿದ ರಸವನ್ನು ಕಪ್ಪಾಗುವವರೆಗೆ ಕುದಿಸಿ ಇಂಗಿಸಿದ್ದು ಅದು. ಗಾಜಿನ ಗೋಡೆಗೆ ಅಂಟಿ ನಿಧಾನ ಇಳಿಯಬೇಕು. ನೀರಿನಂತೆ ಓಡಿದರೆ ಇಂಗಿಸಿದ್ದು ಸಾಲದು, ಒಂದು ಚಮಚದ ಕಡೆ ಮೂರು ಬೇಕಾಗುತ್ತದೆ. ಸಿಹಿ ವಾಸನೆ ಬಂದರೆ ಬೆಲ್ಲ ಸೇರಿದೆ. ಗಾಜಿನಲ್ಲೇ ಇಡಿ, ಅಲ್ಯೂಮಿನಿಯಂ ಪಾತ್ರೆಗೆ ಹಾಕಬೇಡಿ, ಆಮ್ಲ ಲೋಹವನ್ನು ತಿನ್ನುತ್ತದೆ. ಸರಿಯಾಗಿ ಇಂಗಿಸಿದ್ದು ವರ್ಷಗಟ್ಟಲೆ ಕೆಡುವುದಿಲ್ಲ.

ಕಾಫಿ ಪುಡಿಯನ್ನು ಅಂಗಡಿಯಲ್ಲಿ ಎದುರಿಗೇ ಪುಡಿ ಮಾಡಿಸಿ, ಚಿಕೋರಿ ಎಷ್ಟು ಬೇಕೋ ಹೇಳಿ. ಹೇಳದಿದ್ದರೆ ಅವರ ಲೆಕ್ಕದಲ್ಲಿ ಬೆರೆಸುತ್ತಾರೆ. ಕಿತ್ತಳೆ ಕಂಡರೆ ಸಿಪ್ಪೆ ನೋಡಿ. ಕೊಡಗಿನದು ಸಡಿಲ ಸಿಪ್ಪೆ, ಹಳದಿ ಹಸಿರು ಬೆರೆತ ಬಣ್ಣ. ಕಡು ಕೇಸರಿ ಹೊಳಪಿನ ರಾಶಿ ಹೊರಗಿನಿಂದ ಬಂದಿದ್ದು.

ಒಲೆ ಮುಂದೆ

ಪಂದಿ ಕರಿ ಒಯ್ಯಬಹುದು. ಶನಿವಾರ ರಾತ್ರಿಯೇ ತೆಗೆದುಕೊಳ್ಳಿ, ರಸ ಕಡಿಮೆ ಇರಲಿ, ಕೊಬ್ಬು ಇರಲಿ. ತಂಗಿರುವ ಕಡೆ ಪೂರ್ತಿ ಆರಿಸಿ, ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿ ಇಟ್ಟರೆ ಮೇಲೆ ಕೊಬ್ಬು ಹೆಪ್ಪುಗಟ್ಟಿ ಮುಚ್ಚುತ್ತದೆ. ಆ ಪದರವನ್ನು ಒಡೆಯಬೇಡಿ. ಬಿಸಿ ಇರುವಾಗಲೇ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಮುಚ್ಚಿದರೆ ಒಳಗೆ ಬೆವರಿ, ದಾರಿಯಲ್ಲೇ ಹಳಸುತ್ತದೆ. ಭಾನುವಾರ ಬೆಳಿಗ್ಗೆ ಹೊರಡುವಾಗ ಐಸ್ ಪೊಟ್ಟಣದ ಜೊತೆ ಚೀಲಕ್ಕೆ ಹಾಕಿ, ರಾತ್ರಿ ಮನೆ ಮುಟ್ಟಿದ ಕೂಡಲೇ ಹತ್ತು ನಿಮಿಷ ಚೆನ್ನಾಗಿ ಕುದಿಸಿ. ಐಸ್ ಸಿಗದಿದ್ದರೆ ಕರಿ ಒಯ್ಯುವ ಯೋಚನೆ ಬಿಡಿ, ಕಾಚಂಪುಳಿ ಮಾತ್ರ ತೆಗೆದುಕೊಳ್ಳಿ. ಕಡುಂಬುಟ್ಟು ಕಟ್ಟಿಸಬೇಡಿ, ಮರುದಿನಕ್ಕೆ ಕಲ್ಲಾಗುತ್ತದೆ. ಅದರ ಬದಲು ಇಲ್ಲಿನ ದಿನಸಿ ಅಂಗಡಿಯಲ್ಲಿ ಕಡುಂಬುಟ್ಟಿನ ಅಕ್ಕಿ ತರಿ ಎಂದು ಕೇಳಿ, ಎರಡು ಕೆ.ಜಿ. ಒಯ್ಯಿರಿ. ಉಪ್ಪಿಟ್ಟಿನ ಗೋಧಿ ರವೆ ಕಟ್ಟಿಕೊಟ್ಟಾರು, ಪೊಟ್ಟಣ ಬಿಚ್ಚಿ ನೋಡಿ.